ಚಿತ್ರಪುಸ್ತಕ ಓದುತ್ತಾ ಮಕ್ಕಳಿಗೆ ಕರುಣೆ ಕಲಿಸುವುದು ಹೇಗೆ?

"ಮಗ ತಂಗಿಗೆ ಹೊಡೀತಾನೆ, ಯಾವ ಪುಸ್ತಕ ಕೊಡಿಸಲಿ?" "ಮಗಳು ಯಾರ ಜೊತೆಗೂ ಏನನ್ನೂ ಹಂಚಿಕೊಳ್ಳಲ್ಲ, ಒಳ್ಳೆತನ ಹೇಳಿಕೊಡುವ ಪುಸ್ತಕ ಇದ್ದರೆ ಹೇಳಿ." ಓದುಗರಿಂದ ಈ ಥರದ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಎಲ್ಲರಿಗೂ ಬೇಕಾಗಿರುವುದು ಪುಸ್ತಕದ ಹೆಸರು. ಇಲ್ಲಿ ಹೆಸರಿನ ಪಟ್ಟಿ ಇಲ್ಲ. ಯಾವ ಪುಸ್ತಕ ತಂದಿರಿ ಅನ್ನುವುದಕ್ಕಿಂತ, ತಂದ ಪುಸ್ತಕವನ್ನು ಮಗುವಿನ ಪಕ್ಕ ಕೂತು ಹೇಗೆ ಓದಿದಿರಿ ಅನ್ನುವುದು ಜಾಸ್ತಿ ಮುಖ್ಯ. ಅದನ್ನೇ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಎರಡು ವರ್ಷದಿಂದ ಎಂಟು ವರ್ಷದವರೆಗಿನ ಮಕ್ಕಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು ಇದು. ಮನೆಯಲ್ಲಿ ಓದುವವರಿಗೂ ಆಗುತ್ತದೆ, ತರಗತಿಯಲ್ಲಿ ಓದುವವರಿಗೂ ಆಗುತ್ತದೆ.

ಮೊದಲೇ ಒಂದು ಮಾತು. ಇವತ್ತು ರಾತ್ರಿ ಹಂಚಿಕೊಳ್ಳುವ ಕಥೆ ಓದಿದರೆ ನಾಳೆ ಬೆಳಿಗ್ಗೆ ಮಗು ಆಟಿಕೆ ಹಂಚಿಕೊಳ್ಳುತ್ತದೆ ಅಂತ ಕಾಯಬೇಡಿ. ಇದು ನಿಧಾನಕ್ಕೆ ಆಗುವ ಕೆಲಸ. ಎಷ್ಟೋ ಸಲ ಫಲ ಕಾಣಿಸುವ ಹೊತ್ತಿಗೆ ಓದಿದ ಪುಸ್ತಕ ನಿಮಗೇ ಮರೆತಿರುತ್ತದೆ.

ಏನೇನು ಬೇಕು

ಮೂರ್ನಾಲ್ಕು ಚಿತ್ರಪುಸ್ತಕ, ದಿನಕ್ಕೆ ಹತ್ತು ಹದಿನೈದು ನಿಮಿಷ, ಮಗುವಿಗೆ ಚಿತ್ರ ಚೆನ್ನಾಗಿ ಕಾಣುವ ಹಾಗೆ ಕೂರಲು ಒಂದು ಜಾಗ. ಇಷ್ಟು ಸಾಕು. ಪುಸ್ತಕ ಕೊಳ್ಳಲೇಬೇಕು ಅಂತ ಇಲ್ಲ, ಗ್ರಂಥಾಲಯದಿಂದ ತಂದರೂ ಆಗುತ್ತದೆ. ಬೊಂಬೆ, ವರ್ಕ್‌ಶೀಟ್, "ಭಾವನೆಗಳ ಚಾರ್ಟ್" ಯಾವುದೂ ಬೇಡ.

ಚಿತ್ರಪುಸ್ತಕ ಅಂದರೆ ಇಲ್ಲಿ, ಅರ್ಧ ಕಥೆಯನ್ನು ಚಿತ್ರವೇ ಹೇಳುವ ಪುಸ್ತಕ. ಸಾಮಾನ್ಯವಾಗಿ 32 ಪುಟ, ಪುಟಕ್ಕೆ ಒಂದೆರಡು ಸಾಲು. ಕಥೆ ಪೂರ್ತಿ ಅಕ್ಷರದಲ್ಲೇ ಇದ್ದು ನಡುವೆ ಎಲ್ಲೋ ಒಂದು ಚಿತ್ರ ಹಾಕಿದ್ದರೆ ಅದು ಬೇರೆ. ಇನ್ನೂ ಓದಲು ಬಾರದ ಮಕ್ಕಳಿಗೆ ನೀವು ಓದಿ ಹೇಳುವಾಗ ಅವರ ಕಣ್ಣು ಹೆಚ್ಚುಕಡಿಮೆ ಪೂರ್ತಿ ಚಿತ್ರದ ಮೇಲೇ ಇರುತ್ತದೆ. ಕಣ್ಣಿನ ಚಲನೆ ಅಳೆದು ನೋಡಿದ ಸಂಶೋಧನೆಗಳಲ್ಲೂ ಇದೇ ಕಂಡುಬಂದಿದೆ. ನಿಮ್ಮ ಕಣ್ಣು ಅಕ್ಷರದ ಮೇಲೆ, ಮಗುವಿನ ಕಣ್ಣು ಚಿತ್ರದ ಮೇಲೆ. ಹಾಗಾಗಿ ಯಾರ ಮುಖ ಹೇಗಿದೆ, ಯಾರು ಮೂಲೆಯಲ್ಲಿ ನಿಂತಿದ್ದಾರೆ ಅನ್ನುವುದು ನಿಮಗಿಂತ ಮೊದಲು ಮಗುವಿಗೆ ಕಂಡಿರುತ್ತದೆ.

ಹೆಜ್ಜೆ 1: ಪುಸ್ತಕ ಆರಿಸಿ

ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ಪುಸ್ತಕ ಕೈಗೆ ಬಂದ ಕೂಡಲೇ ಅಕ್ಷರ ಓದದೆ ಸುಮ್ನೆ ಚಿತ್ರ ಮಾತ್ರ ನೋಡುತ್ತಾ ಹೋಗಿ. ಪಾತ್ರಕ್ಕೆ ಹೇಗೆನಿಸುತ್ತಿದೆ ಅಂತ ಮುಖ, ಭುಜ, ಕೈ ನೋಡಿಯೇ ಗೊತ್ತಾಗುತ್ತದಾ? ಹೌದು ಅಂತಾದರೆ ಒಳ್ಳೆಯ ಪುಸ್ತಕ. ಎಲ್ಲಾ ಪುಟದಲ್ಲೂ ಎಲ್ಲರೂ ಒಂದೇ ಥರ ಹಲ್ಲು ಬಿಟ್ಟು ನಗುತ್ತಿದ್ದರೆ ಮಾತಾಡಲು ಅಲ್ಲಿ ಏನೂ ಇಲ್ಲ.

ಆಮೇಲೆ ಕೊನೆಯ ಪುಟ ತೆಗೆಯಿರಿ. "ಆದ್ದರಿಂದ ಮಕ್ಕಳೇ, ನಾವು ಯಾವಾಗಲೂ..." ಅಂತ ಶುರುವಾದರೆ ವಾಪಸ್ ಇಟ್ಟುಬಿಡಿ. ಕಥೆಗಾರರಿಗೆ ತಮ್ಮ ಕಥೆಯ ಮೇಲೆ ನಂಬಿಕೆ ಇಲ್ಲದಿದ್ದಾಗ ಹಾಗೆ ಬರೆಯುತ್ತಾರೆ ಅನ್ನುವುದು ನನ್ನ ಅನಿಸಿಕೆ.

ಕೆಟ್ಟದ್ದು ಮಾಡಿದವನಿಗೆ ಕೆಟ್ಟದ್ದಾಗುವ ಕಥೆಯನ್ನೇ ನಾವು ಮಕ್ಕಳಿಗೆ ಜಾಸ್ತಿ ಹೇಳುತ್ತೇವೆ. ಅದು ಎಷ್ಟು ಕೆಲಸ ಮಾಡುತ್ತದೆ? 2014ರಲ್ಲಿ ಕಾಂಗ್ ಲೀ ಮತ್ತು ಅವರ ಜೊತೆಯವರು 3ರಿಂದ 7 ವರ್ಷದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಆಟಿಕೆಯನ್ನು ತಿರುಗಿ ನೋಡಬೇಡಿ ಅಂತ ಹೇಳಿ ಹೊರಗೆ ಹೋಗುವುದು, ಬಂದು ಒಂದು ಕಥೆ ಓದುವುದು, ಆಮೇಲೆ "ನೋಡಿದೆಯಾ?" ಅಂತ ಕೇಳುವುದು. ಸುಳ್ಳು ಹೇಳಿ ಶಿಕ್ಷೆ ಅನುಭವಿಸುವ ಕಥೆ ಕೇಳಿದ ಮಕ್ಕಳಲ್ಲಿ ಸುಳ್ಳು ಕಡಿಮೆಯಾಗಲಿಲ್ಲ. ನಿಜ ಹೇಳಿ ಮೆಚ್ಚುಗೆ ಪಡೆದ ಹುಡುಗನ ಕಥೆ ಕೇಳಿದವರಲ್ಲಿ ಕಡಿಮೆಯಾಯಿತು. ಅದಕ್ಕೇ ಆರಿಸುವಾಗ, ಒಳ್ಳೆಯದನ್ನು ಮಾಡಿದಾಗ ಏನಾಯಿತು ಅಂತ ತೋರಿಸುವ ಕಥೆಗೆ ಮೊದಲ ಜಾಗ ಕೊಡಿ.

ಪ್ರಾಣಿ ಕಥೆಯೋ ಮನುಷ್ಯರ ಕಥೆಯೋ? ಇದನ್ನೂ ತುಂಬಾ ಜನ ಕೇಳುತ್ತಾರೆ. ಟೊರಾಂಟೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಂಚಿಕೊಳ್ಳುವ ಕಥೆಯನ್ನು ಮನುಷ್ಯ ಪಾತ್ರಗಳಿರುವ ಪುಸ್ತಕದಲ್ಲಿ ಕೇಳಿದ 4ರಿಂದ 6 ವರ್ಷದ ಮಕ್ಕಳು ತಮ್ಮ ಸ್ಟಿಕ್ಕರ್‌ಗಳನ್ನು ಹೆಚ್ಚು ಹಂಚಿಕೊಂಡರು. ಅದೇ ಕಥೆಯನ್ನು ಬಟ್ಟೆ ತೊಟ್ಟ ಪ್ರಾಣಿಗಳ ಚಿತ್ರದೊಂದಿಗೆ ಕೇಳಿದವರಲ್ಲಿ ಆ ಪರಿಣಾಮ ಕಾಣಲಿಲ್ಲ. ಹಾಗಂತ ಮನೆಯಲ್ಲಿರುವ ಕರಡಿ, ಮೊಲದ ಪುಸ್ತಕಗಳನ್ನೆಲ್ಲ ಮೂಟೆ ಕಟ್ಟಬೇಡಿ. ಖುಷಿಗೆ, ಹೆದರಿಕೆಯಂಥ ದೊಡ್ಡ ವಿಷಯವನ್ನು ಸ್ವಲ್ಪ ದೂರ ನಿಂತು ನೋಡುವುದಕ್ಕೆ ಅವು ಚೆನ್ನಾಗಿಯೇ ಇವೆ. ನಡವಳಿಕೆಯ ಬಗ್ಗೆ ಮಾತಾಡಬೇಕು ಅಂತಿದ್ದರೆ ಮಾತ್ರ ಮನುಷ್ಯ ಪಾತ್ರದ್ದು ಒಂದೆರಡು ಇರಲಿ.

ಇನ್ನೊಂದು. ರುಡೀನ್ ಸಿಮ್ಸ್ ಬಿಷಪ್ ಅನ್ನುವ ಅಮೆರಿಕದ ಪ್ರಾಧ್ಯಾಪಕಿ 1990ರಲ್ಲಿ, ಪುಸ್ತಕ ಮಗುವಿಗೆ ಕನ್ನಡಿಯೂ ಆಗಬೇಕು, ಕಿಟಕಿಯೂ ಆಗಬೇಕು ಎಂಬ ಅರ್ಥದ ಮಾತು ಬರೆದರು. ಮಗುವಿನ ಮನೆಯಂಥ ಮನೆ ಇರುವ ಪುಸ್ತಕ ಕೆಲವು, ಅದಕ್ಕೆ ಗೊತ್ತೇ ಇಲ್ಲದ ಬದುಕು ಇರುವ ಪುಸ್ತಕ ಕೆಲವು. ಗಾಲಿಕುರ್ಚಿಯಲ್ಲಿ ಕೂತ ಹುಡುಗಿ ಕಥೆಯಲ್ಲಿ ಇದ್ದರೆ, ಅವಳು ಬರೀ ಕನಿಕರ ಪಡೆಯಲು ಇದ್ದಾಳೋ ಅಥವಾ ತಾನೂ ಏನಾದರೂ ಮಾಡುತ್ತಾಳೋ ಅಂತ ಗಮನಿಸಿ.

ಹೆಜ್ಜೆ 2: ಮೊದಲು ನೀವೊಬ್ಬರೇ ಓದಿ

ಐದು ನಿಮಿಷದ ಕೆಲಸ, ಆದರೆ ಬಹಳಷ್ಟು ಜನ ಮಾಡುವುದಿಲ್ಲ. ಓದಿ, ನಿಲ್ಲಬೇಕಾದ ಎರಡು ಮೂರು ಜಾಗ ಗುರುತು ಮಾಡಿಕೊಳ್ಳಿ. ಸಣ್ಣ ಚೀಟಿ ಅಂಟಿಸಿದರೂ ಆಯಿತು. ಎಂಥ ಜಾಗ? ಯಾರದ್ದಾದರೂ ಮುಖಭಾವ ಬದಲಾಗುವ ಪುಟ. ಅಕ್ಷರ ಒಂದು ಹೇಳುತ್ತಾ ಚಿತ್ರ ಇನ್ನೊಂದು ಹೇಳುವ ಪುಟ. ಪಾತ್ರ ಏನು ಮಾಡುವುದು ಅಂತ ತೋಚದೆ ನಿಂತಿರುವ ಪುಟ. ಮೂರಕ್ಕಿಂತ ಹೆಚ್ಚು ಬೇಡ. ಪ್ರತಿ ಪುಟಕ್ಕೂ ನಿಂತರೆ ಕಥೆ ಸತ್ತುಹೋಗುತ್ತದೆ.

ಓದುವಾಗ ನಿಮಗೇ ಗಂಟಲು ಕಟ್ಟುವ ಭಾಗವಿದ್ದರೆ ಈಗಲೇ ಗೊತ್ತಾಗಲಿ. ಮಗುವಿನ ಮುಂದೆ ಅಳು ಬಂದರೆ ತಪ್ಪೇನಿಲ್ಲ. "ಈ ಪುಟ ಓದಿದರೆ ನನಗೂ ಬೇಜಾರಾಗುತ್ತೆ" ಅಂದರೆ ಸಾಕು.

ಹೆಜ್ಜೆ 3: ಮೊದಲ ಸಲ ಸುಮ್ನೆ ಓದಿ

ಮೊದಲ ಓದಿನಲ್ಲಿ ಪ್ರಶ್ನೆ ಬೇಡ. ಮುಖಪುಟ ತೋರಿಸಿ, ಒಳ್ಳೆ ದನಿಯಲ್ಲಿ, ನಿಧಾನವಾಗಿ, ಕೊನೆಯವರೆಗೆ ಓದಿಬಿಡಿ. ಮಗು ತಾನಾಗಿ ಏನಾದರೂ ಕೇಳಿದರೆ ಉತ್ತರಿಸಿ ಮುಂದೆ ಹೋಗಿ. ಕಥೆ ಮುಂದೇನಾಗುತ್ತದೆ ಅನ್ನುವ ಕುತೂಹಲದಲ್ಲಿರುವ ಮಗುವನ್ನು ನಡುವೆ ನಿಲ್ಲಿಸಿ "ಅವನಿಗೆ ಹೇಗನಿಸ್ತು?" ಅಂದರೆ ಸಿಗುವ ಉತ್ತರ "ಗೊತ್ತಿಲ್ಲ, ಮುಂದೆ ಓದು" ಅಷ್ಟೇ.

ಹೆಜ್ಜೆ 4: ಎರಡನೇ ಸಲ, ನಿಂತು ಕೇಳಿ

ನಿಜವಾದ ಕೆಲಸ ಇಲ್ಲಿದೆ. ಮಗುವಿಗೆ ಓದಿ ಹೇಳುವ ಬದಲು ಮಗುವಿನಿಂದಲೇ ಕಥೆ ಹೇಳಿಸುತ್ತಾ ಓದುವ ರೀತಿಗೆ ಡೈಲಾಜಿಕ್ ರೀಡಿಂಗ್ ಅನ್ನುತ್ತಾರೆ. ಮಾತುಕತೆಯ ಓದು ಅಂತ ಇಟ್ಟುಕೊಳ್ಳೋಣ. ಗ್ರೋವರ್ ವೈಟ್‌ಹರ್ಸ್ಟ್ ಮತ್ತು ತಂಡ 1988ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದು ಭಾಷೆ ಬೆಳೆಯಲಿ ಅಂತ. ಆದರೆ ಭಾವನೆಗಳ ವಿಷಯಕ್ಕೂ ಇದು ಸರಿಯಾಗಿ ಹೊಂದುತ್ತದೆ.

ಅದು ಹೇಗೆ ಅನ್ನುವುದಕ್ಕೆ ಸೀಲಿಯಾ ಬ್ರೌನೆಲ್ ಅವರ ತಂಡದ 2013ರ ಅಧ್ಯಯನ ನೋಡಿ. 18ರಿಂದ 30 ತಿಂಗಳ ಮಕ್ಕಳ ಜೊತೆ ತಂದೆತಾಯಿ ಚಿತ್ರಪುಸ್ತಕ ಓದುವುದನ್ನು ಅವರು ಗಮನಿಸಿದರು. ಬೇರೆ ಹೊತ್ತಿನಲ್ಲಿ ಆ ಮಕ್ಕಳು ಎಷ್ಟು ಹಂಚಿಕೊಳ್ಳುತ್ತಾರೆ, ಎಷ್ಟು ಸಹಾಯ ಮಾಡುತ್ತಾರೆ ಅಂತಲೂ ನೋಡಿದರು. ಹೆಚ್ಚು ಹಂಚಿಕೊಂಡ, ಸಹಾಯ ಮಾಡಿದ ಮಕ್ಕಳ ತಂದೆತಾಯಿ ಒಂದು ಕೆಲಸ ಜಾಸ್ತಿ ಮಾಡುತ್ತಿದ್ದರು: ಪುಸ್ತಕದಲ್ಲಿರುವವರಿಗೆ ಹೇಗನಿಸುತ್ತಿದೆ, ಯಾಕೆ ಅಂತ ಮಗುವನ್ನೇ ಕೇಳುತ್ತಿದ್ದರು. "ನೋಡು, ಅವನಿಗೆ ಬೇಜಾರಾಗಿದೆ" ಅಂತ ತಾವೇ ಹೇಳಿ ಮುಗಿಸಿದ್ದಕ್ಕೆ ಅಂಥ ನಂಟು ಕಾಣಲಿಲ್ಲ. ಕೇಳುವುದಕ್ಕೂ ಹೇಳುವುದಕ್ಕೂ ಇಷ್ಟು ವ್ಯತ್ಯಾಸ. ಮಾತು ಇನ್ನೂ ಸರಿಯಾಗಿ ಬಾರದ ವಯಸ್ಸಿನಲ್ಲೂ!

ಒಂದು ಪುಟವನ್ನೇ ತೆಗೆದುಕೊಳ್ಳೋಣ, ಕಲ್ಪನೆಯದ್ದು. ಆಟದ ಬಯಲು. ನಾಲ್ಕು ಮಕ್ಕಳು ಚೆಂಡು ಆಡುತ್ತಿದ್ದಾರೆ. ಪುಟದ ಅಂಚಿನಲ್ಲಿ, ಗೋಡೆ ಪಕ್ಕ, ಐದನೆಯವಳೊಬ್ಬಳು ಬಗ್ಗಿ ಶೂ ಲೇಸ್ ಕಟ್ಟುತ್ತಿದ್ದಾಳೆ. ಕೆಳಗೆ ಒಂದೇ ಸಾಲು: ಎಲ್ಲರೂ ಆಡುತ್ತಿದ್ದರು.

"ಇಲ್ಲಿ ಏನೇನು ನಡೀತಿದೆ?"
"ಚೆಂಡು ಆಡ್ತಿದ್ದಾರೆ."
"ಹೂಂ, ಆಡ್ತಿದ್ದಾರೆ. ಎಲ್ಲರೂನಾ?"
ಮಗು ಹುಡುಕುತ್ತದೆ. ಅಮ್ಮ ಸುಮ್ಮನಿದ್ದಾಳೆ.
"ಇವಳು ಇಲ್ಲ. ಇವಳು ಲೇಸ್ ಕಟ್ಕೊಳ್ತಿದ್ದಾಳೆ."
"ಲೇಸ್ ಸರಿಯಾಗಿ ನೋಡು."
"ಅಯ್ಯೋ, ಕಟ್ಟೇ ಇದೆ!"
"ಮತ್ತೆ ಯಾಕೆ ಬಗ್ಗಿದ್ದಾಳೆ?"
"ಸುಮ್ನೆ... ಅವರು ಕರೀಲಿಲ್ಲ ಅಂತ."
"ಕರೀಲಿಲ್ಲ ಅಂತ ಅವಳಿಗೆ ಹೇಗಾಗ್ತಿರಬಹುದು?"
"ಬೇಜಾರು. ನಾಚಿಕೆನೂ."
"ಬೇಜಾರೂ ಇದೆ, ನಾಚಿಕೆನೂ ಇದೆ. ಹೂಂ."

ಅಮ್ಮ ಪುಟ ತಿರುಗಿಸುತ್ತಾಳೆ. ಅಷ್ಟೇ. "ಅದಕ್ಕೇ ನಾವು ಎಲ್ಲರನ್ನೂ ಆಟಕ್ಕೆ ಸೇರಿಸಿಕೊಳ್ಳಬೇಕು" ಅನ್ನುವ ಮಾತು ಬಾಯಿ ತುದಿಗೆ ಬಂದಿರುತ್ತದೆ, ಆದರೆ ಹೇಳುವುದಿಲ್ಲ. ಕಟ್ಟಿದ ಲೇಸನ್ನೇ ಮತ್ತೆ ಕಟ್ಟುವವಳ ಮುಜುಗರವನ್ನು ಮಗು ತಾನೇ ಕಂಡುಹಿಡಿದಿದೆ. ಅದರ ಮೇಲೆ ಬುದ್ಧಿಮಾತು ಸುರಿದರೆ ಕಂಡದ್ದು ಮರೆಯಾಗಿ ಬುದ್ಧಿಮಾತು ಮಾತ್ರ ಉಳಿಯುತ್ತದೆ.

ಪ್ರಶ್ನೆಗಳ ಸರದಿಯನ್ನೂ ಗಮನಿಸಿ. ಮೊದಲು ಕಾಣುವುದರ ಬಗ್ಗೆ, ಆಮೇಲೆ ಯಾಕೆ ಅಂತ, ಕೊನೆಗೆ ಹೇಗನಿಸುತ್ತಿದೆ ಅಂತ. ನೇರವಾಗಿ ಭಾವನೆಗೆ ಹಾರಿದರೆ ಮಕ್ಕಳು ಬಾಯಿಪಾಠದಂತೆ "ಸ್ಯಾಡ್" ಅಂದು ಸುಮ್ಮನಾಗುತ್ತಾರೆ. ಇನ್ನೊಂದು ಪ್ರಶ್ನೆ ತುಂಬಾ ಉಪಯೋಗಕ್ಕೆ ಬರುತ್ತದೆ: "ಇದು ನಿನಗೆ ಹೇಗೆ ಗೊತ್ತಾಯ್ತು?" ಆಗ ಮಗು ಹುಬ್ಬು, ಬಾಯಿ, ಕೈ ತೋರಿಸಿ ಹೇಳುತ್ತದೆ. ಎದುರಿನವರ ಮುಖ ಓದುವ ಅಭ್ಯಾಸ ಶುರುವಾಗುವುದು ಹೀಗೆ.

ಕೇಳಿದ ಮೇಲೆ ಕಾಯಿರಿ. ಇದು ಕಷ್ಟ. ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಸಾಮಾನ್ಯವಾಗಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನೆ ಕೂರುತ್ತಿದ್ದವರೂ ಮಾತಾಡಿದರು. ಪುಟ್ಟ ಮಕ್ಕಳಿಗೆ ಐದು ಸೆಕೆಂಡು ಕೊಡಿ. ಮನಸ್ಸಿನಲ್ಲೇ ಎಣಿಸಿ. ಉತ್ತರ ಬಾರದಿದ್ದರೆ "ನನಗೂ ಪೂರ್ತಿ ಗೊತ್ತಾಗ್ತಿಲ್ಲ, ಮುಂದೆ ನೋಡೋಣ" ಅಂದು ಮುಂದಿನ ಪುಟಕ್ಕೆ ಹೋಗಿ.

ಮಗುವಿನ ಉತ್ತರ ನಿಮಗೆ ತಪ್ಪು ಅನಿಸಿದರೆ? ಚೆಂಡು ಆಡುವವರ ಪುಟ ನೋಡಿ "ಅವಳಿಗೆ ಖುಷಿ ಆಗಿದೆ, ಒಬ್ಬಳೇ ಇರೋದು ಅವಳಿಗೆ ಇಷ್ಟ" ಅನ್ನಬಹುದು. ತಿದ್ದಬೇಡಿ. ಅದು ಆ ಮಗುವಿಗೇ ಒಬ್ಬಂಟಿಯಾಗಿರುವುದು ಇಷ್ಟ ಅಂತಿರಬಹುದು. "ಇರಬಹುದು. ಯಾವುದನ್ನ ನೋಡಿ ಹಾಗನ್ನಿಸ್ತು?" ಅಂತ ಕೇಳಿ. ಇದು ಪರೀಕ್ಷೆಯಲ್ಲ ಅಂತ ಮಗುವಿಗೆ ಖಾತ್ರಿಯಾದರೆ ಮಾತ್ರ ಅದು ಮನಸ್ಸು ಬಿಚ್ಚಿ ಮಾತಾಡುತ್ತದೆ.

ಹೆಜ್ಜೆ 5: ಭಾವನೆಗೆ ಹೆಸರು ಕೊಡಿ

ಬಹುತೇಕ ಮಕ್ಕಳ ಬಳಿ ಇರುವುದು ಖುಷಿ, ಬೇಜಾರು, ಕೋಪ ಅನ್ನುವ ಮೂರೇ ಮಾತು. ಪುಸ್ತಕ ಓದುವಾಗ ಒಂದೊಂದಾಗಿ ಹೊಸ ಮಾತು ಸೇರಿಸಿ: ಮುನಿಸು, ಮುಜುಗರ, ಹೊಟ್ಟೆಕಿಚ್ಚು, ಗಾಬರಿ, ಕಸಿವಿಸಿ, ತಳಮಳ, ನಿರಾಸೆ, ಸಂಕೋಚ, ಹೆಮ್ಮೆ, ನಿರಾಳ. ಒಂದು ಪುಸ್ತಕಕ್ಕೆ ಒಂದು ಸಾಕು. ಅರ್ಥ ವಿವರಿಸುತ್ತಾ ಕೂರಬೇಡಿ. "ಎಲ್ಲರ ಮುಂದೆ ಬಿದ್ದುಬಿಟ್ಟ, ಅದಕ್ಕೆ ಮುಜುಗರ" ಅಂತ ಚಿತ್ರ ತೋರಿಸಿದರೆ ಆಯಿತು. ಅದೇ ಮಾತು ಮೂರ್ನಾಲ್ಕು ದಿನ ಬೇರೆ ಬೇರೆ ಕಡೆ ಕಿವಿಗೆ ಬೀಳಲಿ.

ಹೆಸರು ಕೊಟ್ಟರೆ ಏನು ಲಾಭ? ದೊಡ್ಡವರ ಮೇಲೆ ಮಾಡಿದ, 2007ರಲ್ಲಿ ಪ್ರಕಟವಾದ ಮ್ಯಾಥ್ಯೂ ಲೀಬರ್‌ಮನ್ ತಂಡದ ಮೆದುಳಿನ ಸ್ಕ್ಯಾನ್ ಅಧ್ಯಯನದಲ್ಲಿ, ಸಿಟ್ಟು ಅಥವಾ ಹೆದರಿಕೆಯ ಮುಖ ನೋಡಿ ಆ ಭಾವನೆಯ ಹೆಸರು ಆರಿಸಿದಾಗ ಅಮಿಗ್ಡಲಾದ ಚಟುವಟಿಕೆ ಇಳಿಯಿತು. ಅಮಿಗ್ಡಲಾ ಅಂದರೆ ಅಪಾಯ ಕಂಡಾಗ ಮೊದಲು ಎಚ್ಚರಗೊಳ್ಳುವ ಮೆದುಳಿನ ಭಾಗಗಳಲ್ಲಿ ಒಂದು. ಅದಿರಲಿ, ಮನೆಯಲ್ಲಿ ಕಾಣುವ ಲಾಭ ಇನ್ನೂ ಸರಳ. "ಹೊಟ್ಟೆಕಿಚ್ಚಾಗ್ತಿದೆ" ಅಂತ ಹೇಳಲು ಬರುವ ಮಗುವಿಗೆ ತಂಗಿಯನ್ನು ತಳ್ಳುವುದಲ್ಲದೆ ಇನ್ನೊಂದು ದಾರಿ ಸಿಕ್ಕಿದೆ, ಅಲ್ವಾ?

ಮೈಯನ್ನೂ ಸೇರಿಸಿ. ಹೆದರಿಕೆ ಆದಾಗ ಹೊಟ್ಟೆಯಲ್ಲಿ ಏನಾಗುತ್ತದೆ, ಸಿಟ್ಟು ಬಂದಾಗ ಕೈ ಹೇಗಿರುತ್ತದೆ ಅಂತ ಚಿತ್ರದಲ್ಲಿ ಹುಡುಕಿ, ಆಮೇಲೆ ಇಬ್ಬರೂ ಮುಖ ಮಾಡಿ ನೋಡಿ. ಮಕ್ಕಳಿಗೆ ಇದು ಭಾರೀ ಇಷ್ಟ.

ಇಲ್ಲಿ ಒಂದು ಎಚ್ಚರಿಕೆ. ಖುಷಿ ಒಳ್ಳೆಯದು, ಸಿಟ್ಟು ಕೆಟ್ಟದು ಅಂತ ಗೊತ್ತಿಲ್ಲದೇ ಕಲಿಸಿಬಿಡುತ್ತೇವೆ. ಸಿಟ್ಟು ಬರಬಹುದು, ಹೊಡೆಯಬಾರದು. ಇವೆರಡೂ ಬೇರೆ. ಪುಸ್ತಕದ ಹುಡುಗ ಸಿಟ್ಟಿನಲ್ಲಿ ಗೋಪುರ ಒದ್ದು ಬೀಳಿಸಿದರೆ, "ಇಷ್ಟು ಸಿಟ್ಟು ಬಂದಾಗ ಬೇರೆ ಏನು ಮಾಡಬಹುದಿತ್ತು?" ಅಂತ ಕೇಳಿ. "ಕೆಟ್ಟ ಹುಡುಗ" ಅಂದರೆ, ಮುಂದೆ ತನಗೆ ಸಿಟ್ಟು ಬಂದಾಗ ಮಗು ಅದನ್ನು ನಿಮ್ಮಿಂದ ಮುಚ್ಚಿಡುತ್ತದೆ.

ಹೆಜ್ಜೆ 6: ಮಗುವಿನ ಬದುಕಿಗೆ ಜೋಡಿಸಿ, ಆದರೆ ಹುಷಾರು

ಹೆಚ್ಚಿನ ಕಡೆ ಎಡವುವುದು ಇಲ್ಲೇ. ಬೆಳಿಗ್ಗೆ ಜಗಳ ಆಗಿದೆ, ರಾತ್ರಿ ಪುಸ್ತಕ ತೆಗೆದು "ನೋಡು, ನೀನು ಬೆಳಿಗ್ಗೆ ಮಾಡಿದ ಹಾಗೇ ಇವನೂ ಮಾಡಿದಾನೆ" ಅಂತೀವಿ. ಆ ಕ್ಷಣಕ್ಕೆ ಪುಸ್ತಕ ಶಿಕ್ಷೆಯಾಯಿತು. ಇನ್ನು ಮುಂದೆ ನೀವು ಪುಸ್ತಕ ತೆಗೆದ ಕೂಡಲೇ "ನಾನೇನು ತಪ್ಪು ಮಾಡಿದೆ?" ಅಂತ ಮಗು ಯೋಚಿಸುತ್ತದೆ.

ಜೋಡಿಸುವಾಗ ದಾರಿ ತೆರೆದಿಡಿ, ತಳ್ಳಬೇಡಿ. "ನಿನಗೆ ಯಾವತ್ತಾದರೂ ಹೀಗಾಗಿತ್ತಾ?" ಅಂತ ಒಂದು ಸಲ ಕೇಳಿ. "ಇಲ್ಲ" ಅಂದರೆ ಬಿಟ್ಟುಬಿಡಿ. ಬೇಕಿದ್ದರೆ ನಿಮ್ಮದೇ ಒಂದು ಹೇಳಿ: "ನಾನು ಚಿಕ್ಕವನಿದ್ದಾಗ ನನ್ನನ್ನೂ ಒಂದು ಸಲ ಆಟಕ್ಕೆ ಸೇರಿಸಿಕೊಳ್ಳಲಿಲ್ಲ." ಎರಡು ಸಾಲು ಸಾಕು. ದೊಡ್ಡವರಿಗೂ ಹೀಗಾಗುತ್ತದೆ ಅಂತ ಗೊತ್ತಾದರೆ ಮಗುವಿನ ಮಾತು ತಾನಾಗಿ ಹೊರಬರುತ್ತದೆ, ಕೆಲವೊಮ್ಮೆ ಎರಡು ದಿನ ಬಿಟ್ಟು, ಸ್ನಾನ ಮಾಡಿಸುವಾಗ.

ಮಗು ಕೂಗಾಡುತ್ತಾ ನೆಲದಲ್ಲಿ ಹೊರಳುತ್ತಿರುವಾಗ ಪುಸ್ತಕ ತರಬೇಡಿ. ಆಗ ಬೇಕಾಗಿರುವುದು ನಿಮ್ಮ ಸಮಾಧಾನ, ಕಥೆಯಲ್ಲ. ಶಾಂತವಾಗಿರುವ ಹೊತ್ತಿನಲ್ಲಿ ಓದಿದ್ದು, ಬಿರುಗಾಳಿ ಕಳೆದ ಮೇಲೆ ನೆನಪಿಗೆ ಬರುತ್ತದೆ.

ಹೆಜ್ಜೆ 7: ಸಣ್ಣದೊಂದು ಕೆಲಸ

ಓದಿ ಮಾತಾಡಿದ್ದು ಕೈಗೂ ಬರಲಿ. ಕಥೆಯನ್ನು ಆಟವಾಗಿ ಆಡಿ, ಪಾತ್ರ ಅದಲು ಬದಲು ಮಾಡಿ. ಗೋಡೆ ಪಕ್ಕ ನಿಂತವಳು ಮಗು, ಕರೆಯುವವರು ನೀವು. ಆಮೇಲೆ ಉಲ್ಟಾ. "ಬಾ, ನೀನೂ ಆಡು" ಅನ್ನುವ ಮೂರು ಮಾತನ್ನು ಬಾಯಲ್ಲಿ ಹೇಳಿ ಅಭ್ಯಾಸ ಇರುವ ಮಗುವಿಗೆ ನಿಜವಾದ ಬಯಲಲ್ಲಿ ಅದನ್ನು ಹೇಳುವುದು ಸುಲಭ. ಕಥೆ ಮುಗಿದ ಮೇಲೆ ಮುಂದಿನ ಪುಟ ಏನಿರಬಹುದು ಅಂತ ಚಿತ್ರ ಬರೆಸಬಹುದು.

ಮಗು ತಾನಾಗಿ ಒಳ್ಳೆಯದೇನಾದರೂ ಮಾಡಿದರೆ ಚಾಕೊಲೇಟು, ಸ್ಟಾರ್, ಸ್ಟಿಕ್ಕರ್ ಕೊಡಬೇಡಿ. ಫೆಲಿಕ್ಸ್ ವಾರ್ನೆಕನ್ ಮತ್ತು ಮೈಕಲ್ ಟೊಮಸೆಲ್ಲೊ 2008ರಲ್ಲಿ ತೋರಿಸಿದ್ದು ಇದನ್ನೇ. ಸಹಾಯ ಮಾಡಿದ್ದಕ್ಕೆ ಬಹುಮಾನ ಪಡೆದ 20 ತಿಂಗಳ ಮಕ್ಕಳು, ಬಹುಮಾನ ನಿಂತ ಮೇಲೆ, ಏನೂ ಪಡೆಯದ ಮಕ್ಕಳಿಗಿಂತ ಕಡಿಮೆ ಸಹಾಯ ಮಾಡಿದರು. ಅದರ ಬದಲು ಆಗಿದ್ದನ್ನು ಹೇಳಿ: "ನೀನು ಪೆನ್ಸಿಲ್ ಕೊಟ್ಟೆಯಲ್ಲ, ಅವನ ಮುಖ ನೋಡಿದೆಯಾ?"

ವಯಸ್ಸಿಗೆ ತಕ್ಕಂತೆ

ಎರಡು ವರ್ಷದ ಸುಮಾರಿಗೆ ಮುಖ ತೋರಿಸಿ ಹೆಸರು ಹೇಳುವುದು, ಬೆರಳಿಟ್ಟು ತೋರಿಸಲು ಹೇಳುವುದು, ಅಷ್ಟು ಸಾಕು. "ಅಳ್ತಿರೋ ಪಾಪು ಎಲ್ಲಿ?"

ಮೂರರಿಂದ ನಾಲ್ಕರವರೆಗೆ ಒಂದು ಮಿತಿ ಇದೆ, ಅದು ಗೊತ್ತಿದ್ದರೆ ನಿಮ್ಮ ತಾಳ್ಮೆ ಉಳಿಯುತ್ತದೆ. ತನಗೆ ಗೊತ್ತಿರುವುದು ಬೇರೆಯವರಿಗೆ ಗೊತ್ತಿಲ್ಲದಿರಬಹುದು, ಅವರ ತಲೆಯಲ್ಲಿ ಬೇರೆಯೇ ಯೋಚನೆ ಇರಬಹುದು ಅನ್ನುವ ತಿಳಿವಿಗೆ ಮನಶ್ಶಾಸ್ತ್ರದಲ್ಲಿ ಥಿಯರಿ ಆಫ್ ಮೈಂಡ್ ಅನ್ನುತ್ತಾರೆ. 1983ರ ಹೈಂಜ್ ವಿಮ್ಮರ್ ಮತ್ತು ಯೋಸೆಫ್ ಪೆರ್ನರ್ ಅವರ ಪ್ರಯೋಗದಿಂದ ಹಿಡಿದು ಇಲ್ಲಿಯವರೆಗೆ ಮತ್ತೆ ಮತ್ತೆ ಕಂಡಿರುವುದು, ಇದು ಸ್ಪಷ್ಟವಾಗುವುದು ನಾಲ್ಕರಿಂದ ಐದು ವರ್ಷದ ಹೊತ್ತಿಗೆ. ಮೂರು ವರ್ಷದವನಿಗೆ "ಅವಳ ಜಾಗದಲ್ಲಿ ನಿಂತು ಯೋಚಿಸು" ಅಂದರೆ ಆಗುವುದಿಲ್ಲ. ಅದು ಸ್ವಾರ್ಥ ಅಲ್ಲ, ವಯಸ್ಸು.

ಐದರ ನಂತರ ಒಂದೇ ಕಥೆಯನ್ನು ಇಬ್ಬರ ಕಡೆಯಿಂದ ಹೇಳಿಸಿ. ಆರೇಳು ವರ್ಷಕ್ಕೆ ಒಂದೇ ಹೊತ್ತಿಗೆ ಎರಡು ಭಾವನೆ ಇರಬಹುದು ಅನ್ನುವುದನ್ನು ಮಾತಾಡಬಹುದು: ಗೆಳೆಯ ಗೆದ್ದದ್ದಕ್ಕೆ ಖುಷಿ, ತಾನು ಸೋತದ್ದಕ್ಕೆ ಹೊಟ್ಟೆಕಿಚ್ಚು. ಅಕ್ಷರವೇ ಇಲ್ಲದ ಚಿತ್ರಪುಸ್ತಕ ಈ ವಯಸ್ಸಿಗೂ ಚೆನ್ನಾಗಿ ಒಗ್ಗುತ್ತದೆ, "ಚಿಕ್ಕ ಮಕ್ಕಳದ್ದು" ಅಂತ ತೆಗೆದಿಡಬೇಡಿ.

ತರಗತಿಯಲ್ಲಿ ಓದುವವರಿಗೆ

ಮೂವತ್ತು ಮಕ್ಕಳಿಗೆ ಒಂದು ಪುಸ್ತಕ ಹಿಡಿದರೆ ಹಿಂದಿನವರಿಗೆ ಮುಖ ಕಾಣುವುದಿಲ್ಲ. ಹತ್ತು ಹತ್ತು ಮಕ್ಕಳ ಗುಂಪಿಗೆ ಓದಿ, ಅಥವಾ ಆ ಒಂದು ಪುಟವನ್ನು ಎಲ್ಲರ ಮುಂದೆ ಒಯ್ದು ತೋರಿಸಿ. ಪ್ರಶ್ನೆ ಕೇಳಿದ ಮೇಲೆ ಕೈ ಎತ್ತಿಸುವ ಬದಲು ಪಕ್ಕದವರ ಜೊತೆ ಅರ್ಧ ನಿಮಿಷ ಮಾತಾಡಿಕೊಳ್ಳಲು ಬಿಡಿ. ಆಗ ಎಲ್ಲರೂ ಮಾತಾಡುತ್ತಾರೆ, ಮುಂದಿನ ಸಾಲಿನ ಅದೇ ನಾಲ್ವರಲ್ಲ.

ಒಂದು ಮಗುವಿನ ಮನೆಯಲ್ಲಿ ಸಾವೋ ಜಗಳವೋ ಆಗಿದೆ ಅಂತ ಗೊತ್ತಿದ್ದರೆ, ಆ ವಿಷಯದ ಪುಸ್ತಕವನ್ನು ಎಲ್ಲರ ಮುಂದೆ ತೆಗೆದು ಆ ಮಗುವಿನ ಕಡೆ ನೋಡಬೇಡಿ. ಮೊದಲು ಮನೆಯವರ ಜೊತೆ ಮಾತಾಡಿ. "ಯಾರಿಗೆ ಹೀಗಾಗಿದೆ, ಹೇಳಿ" ಅನ್ನುವ ಪ್ರಶ್ನೆಯೂ ತರಗತಿಗೆ ಬೇಡ. ಪಾತ್ರದ ಬಗ್ಗೆ ಮಾತ್ರ ಕೇಳಿ, ಮಕ್ಕಳು ಪಾತ್ರದ ಹಿಂದೆ ನಿಂತು ತಮ್ಮದನ್ನು ಹೇಳಿಕೊಳ್ಳುತ್ತಾರೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

"ಈ ಕಥೆಯ ನೀತಿ ಏನು?" ಅಂತ ಕೇಳುವುದು. ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಮಗು ನಿಮಗೆ ಬೇಕಾದ ಉತ್ತರ ಕೊಟ್ಟು ಎದ್ದು ಹೋಗುತ್ತದೆ.

ಕರುಣೆ ಅಂದರೆ ಎಲ್ಲದಕ್ಕೂ ತಲೆಯಾಡಿಸುವುದು ಅಂತ ಕಲಿಸುವುದು. ಇದು ನನ್ನ ಪ್ರಕಾರ ಎಲ್ಲಕ್ಕಿಂತ ಅಪಾಯದ್ದು. ಸದಾ ಬಿಟ್ಟುಕೊಡುವ, ಯಾರು ತಳ್ಳಿದರೂ ನಗುವ ಪಾತ್ರವನ್ನು ಮಾದರಿ ಮಾಡಬೇಡಿ. "ಇಲ್ಲ, ನನಗೆ ಇಷ್ಟ ಇಲ್ಲ" ಅಂತ ಹೇಳುವ ಪಾತ್ರವೂ ಕಪಾಟಿನಲ್ಲಿರಲಿ. ತನ್ನ ಬಗ್ಗೆಯೂ ಕರುಣೆ ಬೇಕಲ್ಲ.

ಬೇಸರದ ಪುಸ್ತಕಗಳನ್ನು ದೂರ ಇಡುವುದು. ಸಾವು, ಅಗಲಿಕೆ, ಕಾಯಿಲೆ ಇರುವ ಕಥೆಯನ್ನು ಮಗು ನಿಮ್ಮ ತೊಡೆಯ ಮೇಲೆ ಕೂತು ಕೇಳಲಿ. ಆದರೆ ಮಲಗುವ ಮುಂಚಿನ ಕೊನೆಯ ಪುಸ್ತಕ ಅದಾಗದಿರಲಿ.

ಬಲವಂತದ "ಸಾರಿ". ಪುಸ್ತಕದಲ್ಲಿ ಕ್ಷಮೆ ಕೇಳಿದರು ಅಂತ ಕೂಡಲೇ ಮಗುವಿನಿಂದಲೂ ಹೇಳಿಸುವುದಕ್ಕಿಂತ, ಪಾತ್ರ ಹೇಗೆ ಸರಿ ಮಾಡಿತು ಅಂತ ಗಮನಿಸಿ. ಮುರಿದದ್ದನ್ನು ಅಂಟಿಸಿತಾ, ಬಿದ್ದವನನ್ನು ಎಬ್ಬಿಸಿತಾ?

ಪುಸ್ತಕ ಸಾಲದೇ ಹೋದಾಗ

ಮಗು ವಾರಗಟ್ಟಲೆ ಮಂಕಾಗಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಇಷ್ಟದ ಆಟವನ್ನೂ ಬಿಟ್ಟಿದ್ದರೆ, ತನಗೆ ತಾನೇ ನೋವು ಮಾಡಿಕೊಳ್ಳುವ ಅಥವಾ ಸಾಯುವ ಮಾತಾಡಿದರೆ ಪುಸ್ತಕದ ಮೇಲೆ ಭಾರ ಹಾಕಬೇಡಿ. ಮಕ್ಕಳ ವೈದ್ಯರನ್ನೋ ಮಕ್ಕಳ ಆಪ್ತಸಮಾಲೋಚಕರನ್ನೋ ಕಾಣಿ. ನೋವು ಮಾಡಿಕೊಳ್ಳುವ, ಸಾಯುವ ಮಾತು ಬಂದರೆ ಅದೇ ದಿನ ಹೋಗಿ.

ಓದುತ್ತಿರುವಾಗ ಮಗು ಇದ್ದಕ್ಕಿದ್ದಂತೆ, ಯಾರೋ ತನಗೆ ಹೊಡೆಯುತ್ತಾರೆ ಅಂತಲೋ, ಬೇಡದ ರೀತಿ ಮುಟ್ಟುತ್ತಾರೆ ಅಂತಲೋ ಹೇಳಬಹುದು. ಪುಸ್ತಕ ಮುಚ್ಚಿ, ಗಾಬರಿ ತೋರಿಸದೆ ಕೇಳಿಸಿಕೊಳ್ಳಿ. ಪ್ರಶ್ನೆಗಳ ಸುರಿಮಳೆ ಬೇಡ. "ಹೇಳಿದ್ದು ಒಳ್ಳೆಯದಾಯ್ತು, ಇದು ನಿನ್ನ ತಪ್ಪಲ್ಲ" ಅನ್ನಿ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ, ಏಕೆಂದರೆ ಹೇಳಲೇಬೇಕಾಗುತ್ತದೆ.

ಮತ್ತೆ ಮತ್ತೆ ಬರುವ ಮೂರು ಪ್ರಶ್ನೆ

*ಒಂದೇ ಪುಸ್ತಕವನ್ನ ದಿನಾ ಕೇಳ್ತಾಳೆ, ಏನು ಮಾಡಲಿ?* ಓದಿ. ಮುಂದೇನು ಅಂತ ಗೊತ್ತಿರುವುದರಿಂದಲೇ ಮಗು ಈಗ ಮೂಲೆಯಲ್ಲಿರುವವರ ಮುಖ ನೋಡುತ್ತಿದೆ. ನಿಮಗೆ ಬೇಜಾರಾದರೆ ಒಂದು ಪುಟವನ್ನು ಬೇರೆ ಪಾತ್ರದ ದನಿಯಲ್ಲಿ ಹೇಳಿ ನೋಡಿ.

*ಕೂರೋದೇ ಇಲ್ಲ, ಎದ್ದು ಓಡ್ತಾನೆ.* ಓಡಾಡುತ್ತಲೇ ಕೇಳಲಿ. ಎರಡು ಪುಟಕ್ಕೆ ಸಾಕಾದರೆ ಎರಡೇ ಪುಟ. ಹಿಡಿದು ಕೂರಿಸಿ ಕರುಣೆಯ ಕಥೆ ಓದಿದರೆ ಏನು ಕಲಿಯುತ್ತಾನೆ ಹೇಳಿ!

*ಒಳ್ಳೆ ಪುಸ್ತಕ ಎಲ್ಲಾ ಇಂಗ್ಲಿಷಿನಲ್ಲೇ ಸಿಗುತ್ತೆ, ಅದನ್ನೇ ಓದಲಾ?* ಅಕ್ಷರ ಯಾವ ಭಾಷೆಯಲ್ಲಿದ್ದರೂ ಮಾತುಕತೆ ಮಾತ್ರ ಮಗು ಅಳುವಾಗ ಬಳಸುವ ಭಾಷೆಯಲ್ಲೇ ಇರಲಿ. ಸಾಲು ಓದದೆ ಚಿತ್ರ ನೋಡಿ ನಿಮ್ಮದೇ ಮಾತಿನಲ್ಲಿ ಕಥೆ ಹೇಳಿದರೂ ಏನೂ ನಷ್ಟವಿಲ್ಲ. ಮಗು ಒಂದೆರಡು ವರ್ಷದಲ್ಲಿ ತಾನೇ ಓದಲು ಕಲಿತು "ಇಲ್ಲಿ ಹೀಗೆ ಬರೆದೇ ಇಲ್ವಲ್ಲ" ಅಂತ ನಿಮ್ಮನ್ನು ಹಿಡಿಯುತ್ತದೆ, ಅದಕ್ಕೆ ಮಾತ್ರ ತಯಾರಾಗಿರಿ.